ಶನಿವಾರದ ಕರಿ ನಾಯಿಗಳು

ಓಯ್, ಹಾಲಿನ ಬೂತಿನ ಮುಂದೆ ನಿಂತವರೇ, ಮೂರನೇ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿರುವ ಆಂಟಿ, ಸ್ಕೂಟರಿಗೆ ಕಿಕ್ ಹೊಡೆದು ಸುಸ್ತಾದ ಅಂಕಲ್, ಒಂದು ಗಳಿಗೆ ಇತ್ತ ಕಿವಿ ಕೊಡಿ. ಬಸ್ಸಿನ ಹಾರನ್ನಿಗೆ ಅರ್ಧ ಮಾತು ಹಾರಿಹೋಗುತ್ತದೆ, ರಸ್ತೆ ದಾಟಿ ಈ ಕಡೆಗೇ ಬಂದರೆ ಇನ್ನೂ ಒಳ್ಳೆಯದು. ಇದು ಕೆಂಗೇರಿ ಉಪನಗರದ ಶೋಭಾರಾಣಿಯ ಕತೆ. ನಿಮ್ಮಲ್ಲಿ ಅರ್ಧ ಜನ ಆಕೆಯ ಹತ್ತಿರ ಬ್ಲೌಸ್ ಹೊಲಿಸಿಕೊಂಡವರು, ಇನ್ನರ್ಧ ಜನ ಆಕೆಯ ಬಾಯಿಗೆ ಸಿಕ್ಕಿ ಬೈಸಿಕೊಂಡವರು. ಎರಡೂ ಆದವರು ಮುಂದೆ ಬನ್ನಿ.

ಶೋಭಾರಾಣಿಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂರುವುದೇ ಹೊಟ್ಟೆಪಾಡು, ನಿಜ. ಆದರೆ ಒಂದು ತೋಳು ಹಚ್ಚಿ ಮುಗಿಸಿದಳೋ, ಎದ್ದು ಬಾಗಿಲಿಗೆ ಬಂದು ಬೀದಿಯ ಆ ತುದಿ ಈ ತುದಿ ನೋಡಿಯೇ ಇನ್ನೊಂದು ತೋಳಿಗೆ ಕೈಹಾಕುವುದು. ನೀರಿನ ಟ್ಯಾಂಕರು ಯಾರ ಮನೆಗೆ ಬಂತು, ಚರಂಡಿಯ ಕಲ್ಲು ಯಾರು ಎತ್ತಿದರು, ಬೀದಿ ದೀಪ ಯಾಕೆ ಹಗಲೆಲ್ಲ ಉರಿಯುತ್ತಿದೆ, ಎಲ್ಲವೂ ಆಕೆಗೆ ಬೇಕು. ತವರಿರುವುದು ಹಳೇ ಕೆಂಗೇರಿಯಲ್ಲಿ, ನಡೆದು ಹೋಗುವಷ್ಟು ದೂರ. ಅಲ್ಲಿಗೆ ಹೋದರೂ ನಿಂತುಕೊಂಡೇ ಕಾಫಿ ಕುಡಿದು ಬರುತ್ತಾಳೆ. ಗಂಡ ಒಂದು ಸೊಸೈಟಿಯಲ್ಲಿ ಗುಮಾಸ್ತ, ಮಾತು ಕಮ್ಮಿ. ನಿಮ್ಮ ಮನೆಯವರು ಎಲ್ಲಿ ಎಂದು ಯಾರಾದರೂ ಕೇಳಿದರೆ, "ಈಗ ತಾನೆ ಇಲ್ಲೇ ಇದ್ಲು" ಎನ್ನುವುದು ಆತನ ಖಾಯಂ ಉತ್ತರ.

ಇಂಥ ಶೋಭಾರಾಣಿ ಒಂದು ತಿಂಗಳಿಂದ ಬಾಗಿಲಿಗೆ ಬರುವುದನ್ನೇ ಬಿಟ್ಟಿದ್ದಳು. ಬಂದರೆ ಎದುರು ಮನೆಯ ಅಂಜನಮ್ಮನ ಮುಖ ಕಾಣುತ್ತಿತ್ತು.

ಅಂಜನಮ್ಮ ಸೊಪ್ಪು ಮಾರುವ ಮುದುಕಿ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ, ಯಾರಿಗೂ ಆಕೆ ಸೊಪ್ಪು ಮಾರುವುದು ಬೇಕಿಲ್ಲ. ಆದರೆ ಬುಟ್ಟಿ ಹೊತ್ತು ನಾಲ್ಕು ಬೀದಿ ಸುತ್ತಿ ಬಾರದಿದ್ದರೆ ಆಕೆಗೆ ಅನ್ನ ಸೇರುವುದಿಲ್ಲ. ಆ ಸುತ್ತಾಟಕ್ಕೆ ಜೊತೆ ಹೋಗುತ್ತಿದ್ದುದು ಕಡ್ಲೆ. ಕಡ್ಲೆ ಎಂದರೆ ಬೀದಿಯ ಹೆಣ್ಣು ನಾಯಿ, ಕಡಲೆಕಾಯಿ ಬೀಜದ ಸಿಪ್ಪೆಯಂಥ ಬಣ್ಣ. ಮರಿಯಾಗಿದ್ದಾಗ ಯಾರದೋ ಗೇಟಿಗೆ ಸಿಕ್ಕಿ ಬಾಲ ಕೊಕ್ಕೆಯ ಹಾಗೆ ಬಾಗಿಹೋಗಿತ್ತು. ಪಕ್ಕದ ಬೀದಿಯ ನಾಯಿಗಳು ಅಂಜನಮ್ಮನ ಕೋಲು ಕಂಡು ಬೊಗಳಿಕೊಂಡು ಬಂದರೆ, ಕಡ್ಲೆ ಮುಂದೆ ಹೋಗಿ ನಿಂತು ಅದೇನೋ ಒಂದು ಗುಟುರು ಹಾಕುತ್ತಿತ್ತು. ಅವು ಸುಮ್ಮನೆ ಸರಿದು ದಾರಿ ಬಿಡುತ್ತಿದ್ದವು.

ಆ ಕಡ್ಲೆಯನ್ನು ನಾಯಿ ಗಾಡಿಗೆ ಹಿಡಿಸಿದವಳು ಶೋಭಾರಾಣಿಯೇ. ಕೆಟ್ಟ ಮನಸ್ಸಿನಿಂದಲ್ಲ. ಪ್ರತಿ ಸಲ ಮರಿ ಹಾಕುವುದು, ಮರಿಗಳೆಲ್ಲ ಕಾರಿನ ಚಕ್ರಕ್ಕೆ ಸಿಗುವುದು, ಕಡ್ಲೆ ಬೀದಿಯೆಲ್ಲ ಮೂಸಿಕೊಂಡು ಹುಡುಕುವುದು. ಅದನ್ನು ನೋಡಲಾರದೆ, ಸಂತಾನವಾಗದ ಹಾಗೆ ಆಪರೇಷನ್ ಮಾಡಿಸೋಣ ಎಂದು ಮನೆಮನೆಗೆ ಹೋಗಿ ಒಪ್ಪಿಸಿದ್ದಳು. ಅಂಜನಮ್ಮ ಮಾತ್ರ ಬಾಗಿಲಿಗೆ ಅಡ್ಡ ನಿಂತಿದ್ದಳು.

"ತಕ್ಕೊಂಡೋದೋರು ತಂದು ಬಿಟ್ಟಾರಾ ಮಗ?"

"ಬಿಡ್ಲೇಬೇಕು ಅಜ್ಜಿ. ಎಲ್ಲಿಂದ ಹಿಡಿದ್ರೋ ಅಲ್ಲೇ ಬಿಡ್ಬೇಕು, ರೂಲ್ಸೇ ಹಂಗಿದೆ. ಒಂದು ವಾರ ಅಷ್ಟೇ. ನಾನಿದೀನಲ್ಲ."

"ಆಯ್ತು, ನಿನ್ ಮಾತ್ ಮ್ಯಾಲೆ ಕೊಡ್ತಿದೀನಿ."

ವಾರವಾಯಿತು, ಹದಿನೈದು ದಿನವಾಯಿತು. ಬ್ಯಾಡರಹಳ್ಳಿಯಾಚೆಗಿದ್ದ ಪ್ರಾಣಿಗಳ ಆಶ್ರಯಧಾಮಕ್ಕೆ ಶೋಭಾರಾಣಿ ಫೋನು ಮಾಡಿದಾಗಲೆಲ್ಲ, "ಬಿಟ್ಟಾಯ್ತಲ್ಲ ಮೇಡಂ, ನಿಮ್ ಏರಿಯಾದಲ್ಲೇ ಬಿಟ್ಟಾಯ್ತು" ಎಂಬ ಒಂದೇ ಪಾಠ. ಒಂದು ದಿನ ಬೀದಿಯಲ್ಲಿ ಯಾವುದೋ ಬಿಳಿ ಮಚ್ಚೆಯ ಗಂಡು ನಾಯಿ ಬಂದು ಕಂಗಾಲಾಗಿ ನಿಂತಿತ್ತು. ಅದರ ಕಿವಿಯ ತುದಿ ಕತ್ತರಿಸಿದ್ದರು, ಆಪರೇಷನ್ ಆದ ಗುರುತು. ಯಾವ ಬೀದಿಯದೋ ಪಾಪ, ಎರಡು ದಿನ ಎಲ್ಲರಿಂದಲೂ ಕಚ್ಚಿಸಿಕೊಂಡು ಎತ್ತಲೋ ಹೋಯಿತು. ಅಂಜನಮ್ಮ ಬುಟ್ಟಿ ಕವುಚಿ ಹಾಕಿ ಜಗಲಿಯ ಮೇಲೆ ಕೂತವಳು ಏಳಲಿಲ್ಲ. ಬೈದಿದ್ದರೆ ಶೋಭಾರಾಣಿ ಎರಡು ಮಾತು ತಿರುಗಿ ಆಡಿ ಹಗುರಾಗುತ್ತಿದ್ದಳು. ಮುದುಕಿ ಬೈಯಲೂ ಇಲ್ಲ.

ಒಂದು ಶನಿವಾರ ಬೆಳಿಗ್ಗೆ ಮದುವಣಗಿತ್ತಿಯೊಬ್ಬಳ ಬ್ಲೌಸಿಗೆ ಬೆನ್ನಿನ ಪಟ್ಟಿ ಹಚ್ಚುತ್ತಿದ್ದಾಗ, ಎದುರು ಜಗಲಿಯಲ್ಲಿ ಅಂಜನಮ್ಮ ರಾತ್ರಿ ಉಳಿದ ಮುದ್ದೆಯನ್ನು ತಂದು ಕಡ್ಲೆಯ ತಟ್ಟೆಗೆ ಹಾಕಿ, ಸ್ವಲ್ಪ ಹೊತ್ತು ನಿಂತು, ತಾನೇ ಅದನ್ನು ಎತ್ತಿಕೊಂಡು ಒಳಗೆ ಹೋಗುವುದು ಕಾಣಿಸಿತು. ಶೋಭಾರಾಣಿಯ ಸೂಜಿ ಪಟಕ್ಕನೆ ಮುರಿಯಿತು. ಬ್ಲೌಸನ್ನು ಅಲ್ಲೇ ಬಿಟ್ಟು, ಬಾಗಿಲೆಳೆದುಕೊಂಡು, ಸಿಕ್ಕಿದ ಬಸ್ಸು ಹತ್ತಿದಳು. ಮದುವಣಗಿತ್ತಿ ಬಂದು ಕೇಳಿದಾಗ ಗಂಡ ಹೇಳಿದನಂತೆ, "ಈಗ ತಾನೆ ಇಲ್ಲೇ ಇದ್ಲು."

ಆಶ್ರಯಧಾಮದ ಗೇಟಿನ ಮುಂದೆ ಇಳಿದವಳಿಗೆ ಮೊದಲು ಅನುಮಾನವಾಯಿತು, ಇದು ಯಾವುದಾದರೂ ಗುಡಿಯೇ ಎಂದು. ಬಿಸಿಲಿಗೆ ಶಾಮಿಯಾನ, ಕೆಳಗೆ ಉದ್ದ ಸಾಲು, ಸಾಲಿನವರ ಕೈಯಲ್ಲಿ ಸ್ಟೀಲ್ ಡಬ್ಬ. ಗಾಳಿಯಲ್ಲಿ ಎಳ್ಳೆಣ್ಣೆಯ ವಾಸನೆ. ಒಳಗೆ ಮುಂದಿನ ಸಾಲಿನ ಗೂಡುಗಳಲ್ಲಿ ಬರೀ ಕಪ್ಪು ನಾಯಿಗಳು. ಒಂದೊಂದೂ ಊದಿಕೊಂಡಿದ್ದವು. ಎಣ್ಣೆ ಸವರಿದ ಚಪಾತಿ, ಎಳ್ಳುಂಡೆ, ಕೇಸರಿಬಾತು ಎದುರಿಗೆ ರಾಶಿ ಬಿದ್ದಿದ್ದರೂ ಮೂತಿ ಆ ಕಡೆ ತಿರುಗಿಸಿ ಮಲಗಿದ್ದವು. ಸಾಲಿನಲ್ಲಿ ಪಂಚೆ ಉಟ್ಟ ಯಜಮಾನರೊಬ್ಬರು ಸರಳಿನ ಸಂದಿಯಲ್ಲಿ ಚಪಾತಿ ತೂರಿಸಿ, "ತಿನ್ನಪ್ಪ, ಒಂದೇ ಒಂದು ತುತ್ತು, ನಮ್ಮ ಮಗನ ಜಾತಕ ನಿನ್ನ ಬಾಯಲ್ಲಿದೆ" ಎಂದು ಪುಸಲಾಯಿಸುತ್ತಿದ್ದರು.

ಶೋಭಾರಾಣಿಗೆ ಅರ್ಥವಾಯಿತು. ಶನಿ ಕಾಟವಿದ್ದವರು ಶನಿವಾರ ಕರಿ ನಾಯಿಗೆ ಊಟ ಹಾಕಬೇಕೆಂದು ಜೋಯಿಸರು ಹೇಳುವುದು ಹೊಸತೇನಲ್ಲ, ಆಕೆಯ ಅತ್ತೆಯೂ ಹಾಕುತ್ತಿದ್ದರು. ಆದರೆ ಲೇಔಟುಗಳಲ್ಲಿ ಕರಿ ನಾಯಿ ಎಲ್ಲಿ ಹುಡುಕುವುದು? ಇಲ್ಲಿ ಒಂದೇ ಕಡೆ, ನೆರಳಿನಲ್ಲಿ, ಗಾಡಿ ನಿಲ್ಲಿಸಲು ಜಾಗವೂ ಸಮೇತ ಸಿಗುತ್ತಿತ್ತು.

ಮೇಜಿನ ಹಿಂದೆ ಮ್ಯಾನೇಜರ್ ಗೋಪೀನಾಥ ಕೂತಿದ್ದ. ಹಣೆಗೆ ಗಂಧ, ಕೈಯಲ್ಲಿ ಎರಡು ಫೋನು, ಯಾರು ಏನು ಕೇಳಿದರೂ ಆಗಲಿ ಎನ್ನುವ ಮುಖ.

"ಟೋಕನ್ ತಗೊಂಡ್ರಾ ಮೇಡಂ?"

"ನಾನು ಊಟ ಹಾಕಕ್ಕೆ ಬಂದಿಲ್ಲ ಸಾರ್, ನಾಯಿ ಹುಡುಕ್ಕೊಂಡ್ ಬಂದಿದೀನಿ. ಕೆಂಗೇರಿ ಉಪನಗರದಿಂದ ತಂದಿದ್ರಿ, ಹೆಣ್ಣು, ಬಾಲ ಸೊಟ್ಟ."

"ಬಿಟ್ಟಾಯ್ತಲ್ಲ ಮೇಡಂ, ನಿಮ್ ಏರಿಯಾದಲ್ಲೇ..."

"ಆ ಪಾಠ ನಂಗೆ ಬಾಯಿಪಾಠ ಆಗಿದೆ ಸಾರ್. ನೀವು ಬಿಟ್ಟಿದ್ದು ಯಾರದೋ ಗಂಡು ನಾಯಿ. ನಮ್ದೆಲ್ಲಿ?"

ಗೋಪೀನಾಥ ಒಂದು ಫೋನನ್ನು ಕಿವಿಗೆ ಹಿಡಿದ. "ಯಾವ ಕಲರ್?"

"ಕಂದು."

"ಕಂದು ಎಲ್ಲಾ ಹಿಂದ್ಗಡೆ ಇರ್ತವೆ. ಅಲ್ಲಿಗೆ ಪಬ್ಲಿಕ್ ಬಿಡಲ್ಲ ಮೇಡಂ, ಇನ್ಫೆಕ್ಷನ್ ಆಗುತ್ತೆ."

ಬಿಡಲ್ಲ ಎಂದರೆ ಹೋಗುವವಳೇ ಶೋಭಾರಾಣಿ. ಆತ ಫೋನಿನಲ್ಲಿ ಹಲೋ ಎನ್ನುವಷ್ಟರಲ್ಲಿ ನೀರಿನ ಟ್ಯಾಂಕಿನ ಪಕ್ಕದಿಂದ ನುಸುಳಿದ್ದಳು.

ಹಿಂದುಗಡೆ ಶಾಮಿಯಾನವಿರಲಿಲ್ಲ, ಎಣ್ಣೆಯ ವಾಸನೆಯೂ ಇರಲಿಲ್ಲ. ತಗಡಿನ ಸೂರು ಕಾದು ಹಬೆಯಾಡುತ್ತಿತ್ತು. ಕಂದು, ಬೂದು, ಮಚ್ಚೆ, ಎಲ್ಲ ಬಣ್ಣದ ನಾಯಿಗಳೂ ಒಟ್ಟೊಟ್ಟಿಗೆ. ಹೊಟ್ಟೆಗೆ ಹೊಲಿಗೆ ಬಿದ್ದವು, ಕಾಲು ಮುರಿದವು, ಗಟ್ಟಿಮುಟ್ಟಾದವು, ಯಾವುದನ್ನೂ ಬೇರೆ ಮಾಡಿರಲಿಲ್ಲ. ತಟ್ಟೆಗಳು ಒಣಗಿ ಹೊಳೆಯುತ್ತಿದ್ದವು. ಬೊಗಳುವ ತ್ರಾಣವೂ ಇಲ್ಲದೆ ಅವು ಆಕೆಯ ಕೈಗಳನ್ನಷ್ಟೇ ನೋಡಿದವು. ಏನೂ ತಂದಿಲ್ಲವೆಂದು ತಿಳಿದ ಕೂಡಲೇ ನೋಡುವುದನ್ನೂ ಬಿಟ್ಟವು. "ಕಡ್ಲೆ, ಏ ಕಡ್ಲೆ" ಎನ್ನುತ್ತ ಆಕೆ ಸಾಲಿನ ಕೊನೆಯವರೆಗೂ ಹೋಗಿ ಬಂದಳು. ಕಡ್ಲೆ ಇರಲಿಲ್ಲ.

ಆದರೆ ಆಕೆಯ ದನಿ ಮುಂದಿನ ಸಾಲಿಗೆ ಕೇಳಿಸಿತ್ತು. ಅಲ್ಲಿ ಒಂದು ಕರಿ ನಾಯಿ ಎದ್ದು ಸರಳಿಗೆ ಮೈ ಬಡಿಯಲು ಶುರುಮಾಡಿತು. ಯಜಮಾನರ ಚಪಾತಿ ತುಳಿದು, ಕೇಸರಿಬಾತು ಕೆದರಿ, ಅಳುವ ಹಾಗೆ ಕುಂಯ್ಗುಟ್ಟಿತು. ಶೋಭಾರಾಣಿ ಓಡಿ ಬಂದಳು. ಬಣ್ಣ ಕಪ್ಪು. ಬಾಲ ಮಾತ್ರ ಕೊಕ್ಕೆ. ಸರಳಿನೊಳಗೆ ಕೈ ಹಾಕಿ ತಲೆ ಸವರಿದಳು, ಕುತ್ತಿಗೆ ಸವರಿದಳು. ಕೈ ಹೊರಗೆ ತೆಗೆದರೆ ಅಂಗೈ ಮಸಿ ಮೆತ್ತಿದ ಹಾಗೆ ಕರ್ರಗೆ. ಕಡ್ಲೆಯ ಕಿವಿಯ ಬುಡದಲ್ಲಿ ಚರ್ಮ ಕೆಂಪಗೆ ಸುಲಿದಿತ್ತು.

ಆಕೆ ಬಾಯಿ ತೆರೆಯುವ ಮೊದಲೇ ಗೋಪೀನಾಥ ಬಂದು ಮೆಲ್ಲಗೆ ಪಕ್ಕಕ್ಕೆ ಕರೆದ.

"ಮೇಡಂ, ನಿಮ್ದು ಸಿಕ್ತಲ್ಲ? ತಗೊಂಡ್ ಹೋಗಿ. ಸೈಡ್ ಗೇಟಿಂದ ಕಳಿಸ್ಕೊಡ್ತೀನಿ. ಇಲ್ಲಿ ಇಷ್ಟು ಜನ ಭಕ್ತಿಯಿಂದ ಬಂದಿದಾರೆ, ಯಾಕೆ ಸುಮ್ನೆ."

"ಇದಕ್ಕೆ ಏನ್ ಬಳಿದಿದೀರಿ ಸಾರ್?"

"ನೋಡಿ, ನೀವು ಕಂಪ್ಲೇಂಟ್ ಗಿಂಪ್ಲೇಂಟ್ ಅಂತ ಹೋದ್ರೆ ನಾಯಿನ ಇಲ್ಲೇ ಇಟ್ಕೋಬೇಕಾಗುತ್ತೆ, ಪ್ರೊಸೀಜರ್ ಇರುತ್ತೆ. ಸುಮ್ನೆ ಕರ್ಕೊಂಡ್ ಹೋದ್ರೆ ಈಗ್ಲೇ ನಿಮ್ದು. ನೀವೇ ಹೇಳಿ."

ಶೋಭಾರಾಣಿಯ ಕಣ್ಣ ಮುಂದೆ ಅಂಜನಮ್ಮನ ತಟ್ಟೆ ಬಂತು. ಬಂದ ಕೆಲಸ ಇದೇ ತಾನೆ? ಆಕೆ ತಲೆಯಾಡಿಸಿದಳು. ತನ್ನ ಜೀವಮಾನದಲ್ಲಿ ಆಕೆ ಇಷ್ಟು ಬೇಗ ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು.

ಸೈಡ್ ಗೇಟಿಗೆ ಕಡ್ಲೆಯನ್ನು ಎತ್ತಿಕೊಂಡು ಬಂದವನು ಮಂಜುನಾಥ್. ಬ್ಯಾಡರಹಳ್ಳಿಯವನೇ, ನಾಯಿಗಳ ಗೂಡು ತೊಳೆಯುವ ಕೆಲಸದವನು, ಮೂವತ್ತರ ಆಸುಪಾಸು. ಬ್ಯಾಗಿನಲ್ಲಿದ್ದ ಸೀರೆ ಫಾಲಿನ ಬಟ್ಟೆಯನ್ನೇ ಹಗ್ಗ ಮಾಡಿ ಶೋಭಾರಾಣಿ ಕಡ್ಲೆಯ ಕುತ್ತಿಗೆಗೆ ಸಡಿಲವಾಗಿ ಕಟ್ಟಿದಳು. ಮಂಜುನಾಥ್ ಆಟೋ ನಿಲ್ಲಿಸಿಕೊಟ್ಟ. ಆಮೇಲೂ ಹೋಗದೆ ನಿಂತ.

"ಅಕ್ಕ, ಬೈಬೇಡಿ. ಅದಕ್ಕೆ ಹೇರ್ ಡೈ ಹಾಕಿದ್ದು ನಾನೇಯ."

"ನೀನಾ? ಯಾಕಪ್ಪ, ಮ್ಯಾನೇಜರ್ ಹೇಳಿದ್ರಾ?"

"ಅವ್ರು ಹೇಳಿಲ್ಲ. ನೋಡಿದ್ರು, ಸುಮ್ಕಾದ್ರು. ಅಲ್ಲಕ್ಕ, ಜನ ತಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಶನಿವಾರ ಅಮಾಸೆ ಅಂತ ಬತ್ತಾರೆ, ಕರೇವಕ್ಕೇ ಹಾಕ್ತಾರೆ. ಮಂಗಳವಾರ ಬುಧವಾರ ಅಂದ್ರೆ ಹಿಂದಿನ ಸಾಲು ನೋಡಕ್ಕಾಗಲ್ಲ. ಇದು ಆಪರೇಷನ್ ಆದ್ಮೇಲೆ ನೆಲ ಹಿಡಿದಿತ್ತು. ಮುಂದಿನ ಸಾಲಿಗೆ ಹಾಕೋಣ ಅಂದ್ರೆ ಕಂದು ಬ್ಯಾಡ ಅಂತಾರೆ. ಅದಕ್ಕೆ ಬಳ್ದೆ, ಬಣ್ಣ ಬಿಟ್ಟಂಗೆಲ್ಲ ತಿರ್ಗಾ ಬಳ್ದೆ. ತಿಂತು, ಬದುಕ್ತು."

ಶೋಭಾರಾಣಿ ತನ್ನ ಅಂಗೈ ನೋಡಿಕೊಂಡಳು. "ಹಿಂದಿನ ಸಾಲಲ್ಲಿ ಮಿಕ್ಕಿದಾವಲ್ಲ, ಅವು?"

"ಪ್ಯಾಕೆಟ್ ಖಾಲಿಯಾಯ್ತಕ್ಕ" ಎಂದು ಮಂಜುನಾಥ್ ಒಳಗೆ ಹೋದ.

ಆಟೋದ ರುದ್ರೇಶ ಕನ್ನಡಿಯಲ್ಲಿ ಕಡ್ಲೆಯನ್ನು ನೋಡಿ, "ಸೀಟ್ ಕಚ್ಚಲ್ಲ ತಾನೆ ಮೇಡಂ? ಹೊಸ ರೆಗ್ಸಿನ್" ಎಂದ. ಹೇರೋಹಳ್ಳಿ ದಾಟಿತು. ಕಡ್ಲೆ ಆಕೆಯ ಮಡಿಲಿನಲ್ಲಿ ಮೂತಿ ಇಟ್ಟು ನಡುಗುತ್ತಿತ್ತು. ಆಟೋ ಸಿಗ್ನಲ್ಲಿನಲ್ಲಿ ನಿಂತರೆ ಆಕೆಗೆ ಇಳಿದು ನಡೆಯೋಣ ಅನ್ನಿಸುತ್ತಿತ್ತು, ಹೊರಟರೆ ನಿಲ್ಲಿಸೋಣ ಅನ್ನಿಸುತ್ತಿತ್ತು. ಸೆರಗು ಹಿಂಡಿದಳು, ಬಳೆ ತಿರುವಿದಳು, ಹೊರಗಿದ್ದ ಬೋರ್ಡುಗಳನ್ನೆಲ್ಲ ಓದಿದಳು. ಯಾವುದೂ ತಲೆಗೆ ಹೋಗಲಿಲ್ಲ. ಮನೆಗೆ ಹೋದರೆ ಅಂಜನಮ್ಮ ನಗುತ್ತಾಳೆ, ಬುಟ್ಟಿ ಎತ್ತುತ್ತಾಳೆ. ಆದರೆ ಕೈ ನೋಡಿ ಸುಮ್ಮನಾದವಲ್ಲ, ಆ ನಾಯಿಗಳೂ ಯಾವುದೋ ಬೀದಿಯವು. ಆ ಬೀದಿಯವರಿಗೂ ಬಿಟ್ಟಾಯ್ತು ಮೇಡಂ ಎಂದೇ ಹೇಳಿರುತ್ತಾರೆ.

ಉಲ್ಲಾಳು ಕೆರೆಯ ಏರಿ ಕಾಣಿಸಿದಾಗ ಆಕೆ ಮುಂದಿನ ಸೀಟಿನ ಕಂಬಿ ಬಡಿದಳು.

"ಗಾಡಿ ತಿರುಗಿಸಿ."

"ಏನ್ ಮರ್ತ್ರಿ ಮೇಡಂ?"

"ಏನೂ ಮರ್ತಿಲ್ಲ. ಆ ಜನ ಹೋಗೋ ಮುಂಚೆ ಅಲ್ಲಿರ್ಬೇಕು."

ನಡೆದದ್ದನ್ನು ಕೇಳಿಕೊಂಡ ರುದ್ರೇಶ ಗಾಡಿ ತಿರುಗಿಸಿದ, ಬಾಯಿ ಮಾತ್ರ ಮುಂದಕ್ಕೇ ಓಡುತ್ತಿತ್ತು. "ಸಿಕ್ಕಿರೋದನ್ನ ಮನೆಗ್ ಮುಟ್ಟಿಸ್ಬಿಟ್ಟು ಆಮೇಲೆ ಬಂದು ಜಗಳ ಆಡ್ಬಾರ್ದಾ? ಇದನ್ನೂ ಒಳಗ್ ಎಳ್ಕೊಂಡ್ ಬಿಡ್ತಾರೆ, ನೋಡ್ತಾ ಇರಿ."

"ಇದಿಲ್ದೆ ಹೋದ್ರೆ ಯಾರ್ ನಂಬ್ತಾರೆ ಅಣ್ಣ? ಬಾಯಲ್ಲಿ ಹೇಳಿದ್ರೆ ಹುಚ್ಚಿ ಅಂತಾರೆ."

"ಅದೂ ಸರಿನೇ" ಎಂದ ರುದ್ರೇಶ, ಯಾವುದು ಸರಿ ಎಂದು ಬಿಡಿಸಿ ಹೇಳಲಿಲ್ಲ.

ಈ ಸಲ ಆಕೆ ಮುಂದಿನ ಗೇಟಿನಿಂದಲೇ ಹೋದಳು. ಶಾಮಿಯಾನದ ನಡುವೆ ಕಡ್ಲೆಯನ್ನು ನಿಲ್ಲಿಸಿ, ಡ್ರಮ್ಮಿನಿಂದ ಒಂದು ಚೊಂಬು ನೀರು ತೆಗೆದು ಅದರ ಬೆನ್ನ ಮೇಲೆ ಸುರಿದು ಫಾಲಿನ ತುದಿಯಿಂದ ಉಜ್ಜಿದಳು. ಕಪ್ಪು ನೀರು ಸಾಲಿನವರ ಕಾಲ ಬಳಿ ಹರಿಯಿತು. ಬೆನ್ನ ಮೇಲೆ ಒಂದು ಅಂಗೈಯಗಲ ಕಂದು ಕಾಣಿಸಿಕೊಂಡಿತು.

ಸಾಲಿನವರು ಬಗ್ಗಿ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

"ಹಂಗಾದ್ರೆ ಇದು ಕರಿ ನಾಯಿ ಅಲ್ವಾ?" ಪಂಚೆಯ ಯಜಮಾನರು ಕನ್ನಡಕ ಸರಿಪಡಿಸಿಕೊಂಡರು. "ಶ್ರಾವಣದಿಂದ ಇದಕ್ಕೇ ಹಾಕ್ತಾ ಇದೀನಲ್ಲಮ್ಮ. ಅದು ಲೆಕ್ಕಕ್ಕೆ ಬರುತ್ತೋ, ಇಲ್ವೋ?"

"ಅದಕ್ಕೇ ರೀ, ನಮ್ ಹುಡುಗಿ ಸಂಬಂಧ ಹೋದ್ ವಾರ ತಪ್ಪೋಯ್ತು" ಎಂದರು ಹಿಂದಿದ್ದ ಹೆಂಗಸು.

"ನಿಮ್ ಹುಡುಗಿ ಆ ಹುಡುಗನ್ನ ನೋಡಿ ಬೇಡ ಅಂದ್ಳು ಅಂತ ನೀವೇ ಈಗ ಹೇಳಿದ್ರಲ್ಲ?" ಎಂದಳು ಪಕ್ಕದಲ್ಲಿದ್ದವಳು.

ಗೋಪೀನಾಥ ಮೇಜು ಬಿಟ್ಟು ಎದ್ದು ಬಂದ. ಬಂದವನೇ ಮಂಜುನಾಥನ ತೋಳು ಹಿಡಿದು ಮುಂದಕ್ಕೆ ತಳ್ಳಿದ. "ಇವನೇ ಸಾರ್ ಮಾಡಿರೋದು. ನಂಗೆ ಗೊತ್ತೇ ಇಲ್ಲ. ಇವತ್ತೇ ಮನೆಗ್ ಕಳಿಸ್ತೀನಿ."

ಸಾಲು ಮಂಜುನಾಥನ ಮೇಲೆ ತಿರುಗಿತು. ಆತ ಕೈಕಟ್ಟಿ ನಿಂತು ನೆಲ ನೋಡಿದ. ಶೋಭಾರಾಣಿ ಕಡ್ಲೆಯನ್ನು ಎಳೆದುಕೊಂಡೇ ನಡುವೆ ನುಗ್ಗಿದಳು.

"ಇವನನ್ನ ಕಳಿಸಿದ್ರೆ ಹಿಂದಿನ ಸಾಲಿಗೆ ಹೋಗೋರು ಯಾರು ಸಾರ್, ನೀವಾ? ಇಲ್ಲಿ ಯಾರಿಗಾದ್ರೂ ಗೊತ್ತಾ, ಹಿಂದೆ ಒಂದು ಸಾಲಿದೆ ಅಂತ? ಬೈಯೋದಾದ್ರೆ ಬನ್ನಿ, ಅದನ್ನ ನೋಡಿ ಬೈಯಿರಿ. ಡಬ್ಬ ಹಿಡ್ಕೊಂಡೇ ಬನ್ನಿ."

ಜನಕ್ಕೆ ಯಾರಾದರೂ ಮುಂದೆ ನಡೆದರೆ ಸಾಕು, ಹಿಂದೆ ಹೋಗುತ್ತಾರೆ. ಸಾಲು ಸಾಲಾಗಿಯೇ ನೀರಿನ ಟ್ಯಾಂಕು ದಾಟಿತು. ತಗಡಿನ ಸೂರಿನ ಕೆಳಗೆ ಬಂದ ಮೇಲೆ ಗದ್ದಲ ತಾನಾಗಿಯೇ ಇಳಿಯಿತು. ಡಬ್ಬಗಳನ್ನು ಕಂಡು ನಾಯಿಗಳು ಒಂದೊಂದಾಗಿ ಎದ್ದವು. ಎದ್ದು ನಿಲ್ಲಲಾಗದ ಒಂದು ಮಾತ್ರ ಮಲಗಿದಲ್ಲೇ ಬಾಲ ನೆಲಕ್ಕೆ ಬಡಿಯಿತು. ಯಜಮಾನರು ಗಡಿಬಿಡಿಯಲ್ಲಿ ಡಬ್ಬ ತೆರೆದು ಕೇಸರಿಬಾತಿಗೆ ಕೈ ಹಾಕಿದರು.

"ಬ್ಯಾಡಿ ಸಾಮಿ, ಅದರಲ್ಲಿ ದ್ರಾಕ್ಷಿ ಐತೆ, ತುಪ್ಪ ಐತೆ" ಎಂದು ಮಂಜುನಾಥ್ ಅವರ ಕೈ ತಡೆದ. "ಹೊಟ್ಟೆ ಕುಯ್ದಿರೋವು, ತಡೆಯಲ್ಲ. ಮುಂದ್ಗಡೆ ಇರೋವು ಇದನ್ನ ತಿಂದೇ ಮಲ್ಗಿರೋದು."

ಯಜಮಾನರು ತೆರೆದ ಡಬ್ಬ ಹಿಡಿದುಕೊಂಡು ಹಾಗೇ ನಿಂತರು. ಮುಂದೆ ತಿಂದು ಕಾಯಿಲೆ, ಹಿಂದೆ ತಿನ್ನದೆ ಕಾಯಿಲೆ. ಅವರು ಗೋಪೀನಾಥನ ಕಡೆ ತಿರುಗಿ, "ಏನ್ರೀ ಇದು?" ಎಂದು ಮಾತ್ರ ಕೇಳಿದರು.

ಗೋಪೀನಾಥನ ಮುಖದ ಗಂಧ ಬೆವರಿಗೆ ಇಳಿದಿತ್ತು. "ನಾನೇನ್ ಮಾಡ್ಲಿ ಸಾರ್? ಇದನ್ನ ನಡೆಸೋ ಟ್ರಸ್ಟಿನೋರು ಊಟಕ್ಕೆ ಕೊಡೋದು ಕೊಟ್ಟಾಗ ಕೊಟ್ರು. ನೀವು ತಂದಿದ್ದೇ ಊಟ. ನೀವು ಕರಿ ನಾಯಿನೇ ಬೇಕು ಅಂತೀರಿ, ಕೈಯಾರೆ ಹಾಕ್ತೀವಿ ಅಂತೀರಿ, ಫೋಟೋ ಬೇಕು ಅಂತೀರಿ. ಬೇಡ ಅಂದ್ರೆ ಅದೂ ನಿಂತೋಗುತ್ತೆ. ಕರಿ ನಾಯಿ ವಾಪಸ್ ಬೀದಿಗೆ ಬಿಟ್ರೆ ಮುಂದಿನ್ ಶನಿವಾರ ಏನ್ ತೋರಿಸ್ಲಿ?"

ಇದುವರೆಗೆ ಆತ ಆಡಿದ್ದರಲ್ಲಿ ನಿಜವಾದ ಮಾತು ಇದೊಂದೇ ಎಂದು ಶೋಭಾರಾಣಿಗೆ ಅನ್ನಿಸಿತು. ಅದಕ್ಕೇ ಆಕೆಯ ದನಿ ಸ್ವಲ್ಪ ಇಳಿಯಿತು.

"ಹಂಗಂತ ಗೇಟಲ್ಲಿ ಯಾವತ್ತಾದ್ರೂ ಹೇಳಿದ್ರಾ ಸಾರ್? ಹೇಳಿ ನೋಡ್ಬೇಕಿತ್ತು. ನಾವೇನು ಮನುಷ್ಯರಲ್ವಾ? ಕೇಳಿ, ಅಕ್ಕಿ ತರೋರು ಅಕ್ಕಿ ತರ್ಲಿ, ಮೊಟ್ಟೆ ತರೋರು ಮೊಟ್ಟೆ ತರ್ಲಿ. ಎಲ್ಲಾ ಒಂದೇ ಪಾತ್ರೆಗೆ ಬೀಳ್ಲಿ. ಪ್ರತಿದಿನ ಬೇಯ್ಲಿ, ಕಪ್ಪೋ ಕೆಂಪೋ ಎಲ್ಲಾ ತಟ್ಟೆಗೂ ಬೀಳ್ಲಿ. ಆಪರೇಷನ್ ಆಗಿರೋವನ್ನ ಬೇರೆ ಇಡಿ. ಮತ್ತೆ ಯಾವ ಬೀದಿ ನಾಯಿನೋ ಆ ಬೀದಿಗೆ ಬಿಡಿ, ನಮಗೆ ಬೇರೆಯವ್ರ ನಾಯಿ ಬೇಡ. ಇಷ್ಟೇ ಕೇಳ್ತಿರೋದು. ಇದು ಆಗೋ ತನಕ ನಾನು ಈ ಗೇಟ್ ಬಿಟ್ಟು ಹೋಗಲ್ಲ."

"ಜೋಯಿಸರು ಕಪ್ಪು ನಾಯಿ ಅಂತಾನೇ ಹೇಳಿರೋದು ಕಣಮ್ಮ" ಎಂದರು ಸಂಬಂಧ ತಪ್ಪಿದ ಹುಡುಗಿಯ ತಾಯಿ, ಸಂಕಟದಿಂದ.

"ಪಾತ್ರೆಗೆ ಹಾಕಿದ್ದು ಕಪ್ಪು ನಾಯಿಗೂ ಹೋಗುತ್ತಲ್ಲಕ್ಕ. ಶನಿದೇವ್ರಿಗೆ ಅಷ್ಟೂ ಕಾಣಲ್ವಾ?"

ಆ ಹೆಂಗಸು ಯೋಚಿಸಿದರು. "ಹಂಗಂತೀಯಾ" ಎಂದರು.

ಇಂಥ ಆಶ್ರಯಧಾಮಗಳ ಮೇಲೆ ನಿಗಾ ಇಡುವ ಪಾಲಿಕೆಯ ಪಶುವೈದ್ಯ ಇಲಾಖೆಗೆ ಫೋನು ಮಾಡಿದವರು ಯಜಮಾನರೇ. ಅವರ ಅಣ್ಣನ ಮನೆಯ ಬಾಡಿಗೆದಾರರ ಮಗಳು ಅದೇ ಇಲಾಖೆಯಲ್ಲಿದ್ದಳಂತೆ. ಕಾಯುವ ಹೊತ್ತಿನಲ್ಲಿ ಸಾಲು ಕರಗಿತು, ಆದರೆ ಪೂರ್ತಿ ಕರಗಲಿಲ್ಲ. ಶೋಭಾರಾಣಿ ಗೇಟಿನಿಂದ ಗೂಡಿಗೆ, ಗೂಡಿನಿಂದ ಗೇಟಿಗೆ ತಿರುಗಿದಳು. ರುದ್ರೇಶ ಬಾಡಿಗೆ ಬಿಟ್ಟು ಅಲ್ಲೇ ನಿಂತಿದ್ದ, "ಕೂತ್ಕೊಳಿ ಮೇಡಂ, ನಿಮ್ಮನ್ನ ನೋಡಿ ನಂಗೆ ತಲೆ ಸುತ್ತುತ್ತೆ" ಎನ್ನುತ್ತಿದ್ದ. ಮಧ್ಯಾಹ್ನ ಇಳಿಯುವಾಗ ಇಲಾಖೆಯ ಡಾಕ್ಟರ್ ಚೇತನಾ ಬಂದಳು. ಚಿಕ್ಕ ವಯಸ್ಸಿನವಳು. ಯಾರ ಮಾತನ್ನೂ ಕೇಳದೆ ಮೊದಲು ಹಿಂದಿನ ಸಾಲಿಗೆ ಹೋಗಿ, ಬಹಳ ಹೊತ್ತು ಅಲ್ಲೇ ಇದ್ದು ಬಂದಳು. ಬಂದ ಮೇಲೆ ಗೋಪೀನಾಥನಿಗೆ ಹೇಳಿದ್ದು ತಣ್ಣಗಿನ ದನಿಯಲ್ಲಿ. ಟೋಕನ್ ಇವತ್ತಿಗೆ ಬಂದ್. ಹೊಲಿಗೆ ಬಿದ್ದವು ಈಗಲೇ ಬೇರೆ ಗೂಡಿಗೆ. ಮಂಜುನಾಥ್ ಇಲ್ಲೇ ಇರಬೇಕು, ಯಾವುದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿದ್ದಷ್ಟೂ ಬೇಕು. ಟ್ರಸ್ಟಿನವರು ಸೋಮವಾರ ತನ್ನೆದುರು ಬರಬೇಕು.

ಆಮೇಲೆ ಶೋಭಾರಾಣಿಯ ಕಡೆ ತಿರುಗಿದಳು. "ಮೇಡಂ, ಈ ನಾಯಿನ ಈಗ ಕಳಿಸಕ್ಕಾಗಲ್ಲ."

"ಡಾಕ್ಟ್ರೇ, ಇದೊಂದನ್ನ..."

"ಚರ್ಮ ಸುಟ್ಟಿದೆ, ಟ್ರೀಟ್ಮೆಂಟ್ ಬೇಕು. ಮತ್ತೆ ಸೋಮವಾರ ಅವ್ರು ಏನೂ ಆಗೇ ಇಲ್ಲ ಅಂದ್ರೆ ನಾನು ತೋರಿಸ್ಬೇಕಲ್ಲ. ವಾಸಿಯಾದ್ಮೇಲೆ ನಾನೇ ನಿಮ್ ಬೀದಿಗೆ ತಂದು ಬಿಡ್ತೀನಿ."

ತಂದು ಬಿಡುತ್ತೇವೆ ಎಂಬ ಮಾತನ್ನು ಆಕೆ ಇನ್ನೊಮ್ಮೆ ನಂಬಬೇಕಿತ್ತು. ಅದಕ್ಕಿಂತ ಕಷ್ಟದ್ದು, ಅದನ್ನು ಇನ್ನೊಮ್ಮೆ ಅಂಜನಮ್ಮನಿಗೆ ಹೇಳಬೇಕಿತ್ತು. ಕುತ್ತಿಗೆಯ ಫಾಲು ಬಿಚ್ಚದೆ ಹಾಗೇ ಕಡ್ಲೆಯನ್ನು ಮಂಜುನಾಥನ ಕೈಗೆ ಕೊಟ್ಟಳು. ಟ್ಯಾಂಕಿನ ಮರೆಗೆ ಹೋಗಿ, ಅಂಜನಮ್ಮನ ಸೊಸೆಗೆ ಫೋನು ಮಾಡಿ ಮುದುಕಿಗೆ ಕೊಡಿಸಿದಳು.

"ಅಜ್ಜಿ, ಕಡ್ಲೆ ಸಿಕ್ತು."

"ಚೆಂದಾಗೈತಾ?"

"ಕಪ್ಪಗಾಗಿದೆ."

"ಬಿಸ್ಲಲ್ಲಿ ಕೆಡವಿದ್ರೇನೋ ಮುಂಡೇಗಂಡ್ರು. ಕರ್ಕೊಂಡ್ ಬಾ."

"ಇವತ್ತು ಆಗಲ್ಲಜ್ಜಿ." ಆಕೆ ಬೆಳಗಿನಿಂದ ನಡೆದದ್ದೆಲ್ಲ ಹೇಳಿದಳು. ಕೈಗೆ ಸಿಕ್ಕಿದ್ದನ್ನು, ಆಟೋ ಹತ್ತಿದ್ದನ್ನು, ಕೆರೆಯ ಹತ್ತಿರದಿಂದ ತಿರುಗಿದ್ದನ್ನು, ಏನನ್ನೂ ಮುಚ್ಚಿಡಲಿಲ್ಲ. "ಸುಮ್ನೆ ಬಂದಿದ್ರೆ ಇಷ್ಟು ಹೊತ್ತ್ಗೆ ನಿಮ್ ಜಗಲಿ ಮೇಲೆ ಇರ್ತಿತ್ತು. ನಾನೇ ಕೆಡಿಸ್ದೆ."

"ಮಿಕ್ಕಿದ ನಾಯಿಗೊಳು ಭಾಳ ಹಸ್ಕೊಂಡವಾ?"

"ಹೂಂ ಅಜ್ಜಿ."

ಅಂಜನಮ್ಮ ಯಾರನ್ನೋ ಮನಸಾರೆ ಬೈದಳು. ಟ್ರಸ್ಟಿನವರನ್ನೋ, ಶೋಭಾರಾಣಿಯನ್ನೋ, ಶನಿದೇವರನ್ನೋ ತಿಳಿಯಲಿಲ್ಲ. ಒಂದು ತಿಂಗಳಾದ ಮೇಲೆ ಮುದುಕಿಯ ಬಾಯಲ್ಲಿ ಬೈಗುಳ ಕೇಳಿ ಶೋಭಾರಾಣಿಗೆ ಕಣ್ಣು ತುಂಬಿತು. ಕೊನೆಗೆ ಆ ಕಡೆಯಿಂದ, "ನಾಳೆ ನಾನೂ ಬತ್ತೀನಿ. ಅದಕ್ಕೆ ನನ್ ಮಕ ತೋರುಸ್ಬೇಕು. ಬಸ್ ನಂಬ್ರ ಯಾವ್ದು?" ಎಂಬ ಮಾತು ಬಂತು.

ಸಂಜೆಯ ಹೊತ್ತಿಗೆ ಯಜಮಾನರು ಹೇರೋಹಳ್ಳಿಯಿಂದ ಅಕ್ಕಿ, ಮೊಟ್ಟೆ ತರಿಸಿದ್ದರು. ಮಂಜುನಾಥ್ ದೊಡ್ಡ ಪಾತ್ರೆ ಏರಿಸಿದ. ಗೋಪೀನಾಥ ಫೋನುಗಳನ್ನು ಮೇಜಿನ ಮೇಲೆ ಬಿಟ್ಟು, ಪ್ಯಾಂಟು ಮಡಚಿಕೊಂಡು, ಯಾರ ಮುಖವನ್ನೂ ನೋಡದೆ ಬಕೆಟ್ಟು ಹಿಡಿದ. ಮುಂದಿನ ಸಾಲಿನ ಕರಿ ನಾಯಿಗಳಿಗೆ ಬರೀ ಮಜ್ಜಿಗೆ ನೀರು ಕೊಡಿ ಎಂದು ಡಾಕ್ಟರ್ ಹೇಳಿಹೋಗಿದ್ದಳು. ಹಿಂದಿನ ಸಾಲಿಗೆ ಶೋಭಾರಾಣಿ ತಾನೇ ಹೋದಳು. ಕಾದಾಡುವವಕ್ಕೆ ಮೊದಲು, ದೂರ ನಿಂತವಕ್ಕೆ ಆಮೇಲೆ. ಬೈಯುತ್ತ, ಸೆರಗು ಬಿಡಿಸಿಕೊಳ್ಳುತ್ತ, ತಟ್ಟೆ ತಟ್ಟೆಗೆ ಅನ್ನ ಹಾಕುತ್ತ ಕೊನೆಯ ಗೂಡಿಗೆ ಬಂದಾಗ ಬೆಳಕು ಕಂದಿತ್ತು.

ಅಲ್ಲಿ ಒಂಟಿಯಾಗಿ ಒಂದು ಬೂದು ಬಣ್ಣದ ನಾಯಿ. ತಟ್ಟೆ ತುಂಬಿದರೂ ಅದು ಮುಟ್ಟಲಿಲ್ಲ. ಗೋಡೆಗೆ ಅಂಟಿ ನಿಂತು ಆಕೆಯನ್ನೇ ನೋಡಿತು. ಆಕೆ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು, ಪುಚುಪುಚು ಎಂದಳು, ಎರಡು ಹೆಜ್ಜೆ ಸರಿದಳು. ನಾಯಿ ಅಲುಗಲಿಲ್ಲ. ಗೇಟಿನ ಬಳಿ ರುದ್ರೇಶ ಹಾರನ್ ಹೊಡೆದ, ಹೊತ್ತಾಯಿತೆಂದು. ಶೋಭಾರಾಣಿ ಖಾಲಿ ಬಕೆಟ್ಟನ್ನು ನೆಲಕ್ಕಿಟ್ಟು, ಗೂಡಿಗೆ ಬೆನ್ನು ತಿರುಗಿಸಿ, ಹಿಂದೆ ನಾಲಿಗೆಯ ಸದ್ದು ಕೇಳುವವರೆಗೆ ಕೈಕಾಲು ಅಲುಗಿಸದೆ ನಿಂತಳು.